ನಾಲ್ಕು ಮಕ್ಕಳು, ಒಂದು ಗೋಳಾಪಟ್ಟಿ

ರೈಲುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ನೆಬ್ರಾಸ್ಕಾದ ಬಯಲಿನಲ್ಲಿ ಯಾವ ಗಾಡಿ ಯಾವ ಹಳಿಯ ಮೇಲೆ ಹೋಗಬೇಕು, ಯಾವುದು ಯಾವುದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಬೇಕು ಎಂದು ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕೂತು ಅಪ್ಪಣೆ ಕೊಡುವವನು ನಾನು. ಮೈಲುದ್ದದ ಕಲ್ಲಿದ್ದಲ ಗಾಡಿಗಳು ನನ್ನ ಒಂದು ಮಾತಿಗೆ ಉಸಿರು ಬಿಗಿಹಿಡಿದು ನಿಲ್ಲುತ್ತವೆ. ಇಂಥ ಮಹಾಪುರುಷನಿಗೆ ನಾಲ್ಕು ಮಕ್ಕಳನ್ನು ಅಡುಗೆಮನೆಯಿಂದ ಊಟದ ಮೇಜಿಗೆ ಸಾಗಿಸುವುದು ಯಾವ ದೊಡ್ಡ ಕೆಲಸ, ನೀವೇ ಹೇಳಿ. (ಈಗಲೇ ಹೇಳಬೇಡಿ. ಪೂರ್ತಿ ಕೇಳಿಸಿಕೊಂಡು ಹೇಳಿ.)

ನಮ್ಮ ಮಕ್ಕಳು ಶಾಲೆಗೆ ಹೋಗುವುದಿಲ್ಲ. ನಮ್ಮ ಚರ್ಚಿನ ಅರ್ಧಕ್ಕರ್ಧ ಮನೆಗಳಲ್ಲಿ ಹೀಗೆಯೇ: ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ, ಅಮ್ಮನೇ ಟೀಚರು, ದೇವರ ವಾಕ್ಯದಿಂದ ದಿನ ಶುರು. ನಮ್ಮಲ್ಲಿ ಟೀಚರಮ್ಮ ನನ್ನ ಹೆಂಡತಿ ಮರೀಟಾ. ವಿದ್ಯಾರ್ಥಿಗಳು ಹನ್ನೆರಡರ ಟೈಟಸ್, ಒಂಬತ್ತರ ಡಾರ್ಕಸ್, ಆರರ ಸೈಲಸ್. ಒಂದೂವರೆ ವರ್ಷದ ಟಿರ್ಜಾಳನ್ನು ವಿದ್ಯಾರ್ಥಿನಿ ಎನ್ನಲಾಗದು. ಅವಳು ಶಾಲೆಯ ತಪಾಸಣಾಧಿಕಾರಿ. ಎಲ್ಲ ಪುಸ್ತಕಗಳನ್ನೂ ಬಾಯಲ್ಲಿಟ್ಟು ಪರೀಕ್ಷಿಸುತ್ತಾಳೆ.

ನಾನಾದರೋ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗಿ, ಊಟ ಮೇಜಿನ ಮೇಲೆ ಬರುವ ಹೊತ್ತಿಗೆ ಮನೆಗೆ ಬರುವವನು. ಹೀಗಾಗಿ ಆ ಶಾಲೆ ನಡೆಯುವುದನ್ನು ಕಣ್ಣಾರೆ ಕಂಡವನಲ್ಲ. ಕಾಣುವ ಯೋಗ ಬಂದದ್ದು ಈ ಫೆಬ್ರವರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಹಿಮಗಡ್ಡೆಗೆ ಕಾಲು ಜಾರಿ ನಾನು ಮೊಣಕಾಲು ಮುರಿದುಕೊಂಡಾಗ. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ಹಲವಾರು ವಾರ ಮನೆಯಲ್ಲೇ ಇರಿ ಎಂದರು. ನನಗೆ ಹಿಡಿಸಿತು. ಮರೀಟಾಳಿಗೆ ಹಿಡಿಸಿತೇ ಎಂದು ಯಾರೂ ಕೇಳಲಿಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ, ಪಾತ್ರೆ ಒರೆಸುವ ಬಟ್ಟೆಯನ್ನು ಹಿಂಡುತ್ತ ಅವಳು ಹೇಳಿದಳು:

"ಗಲೆನ್, ಬೇಸಿಗೆ ಕಳೀತಿದ್ದ ಹಾಗೆ ಮಕ್ಕಳನ್ನ ಊರಿನ ಶಾಲೆಗೆ ಹಾಕಿಬಿಡೋಣ."

ಅಳುತ್ತ ಹೇಳಿದ್ದರೆ ಸಮಾಧಾನ ಮಾಡುತ್ತಿದ್ದೆ. ಸಿಟ್ಟಿನಲ್ಲಿ ಹೇಳಿದ್ದರೆ ಆಡಿನ ಕೊಟ್ಟಿಗೆಗೆ ಹೋಗಿ ಅವಿತುಕೊಳ್ಳುತ್ತಿದ್ದೆ. ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದಳು. ನನಗೆ ಹೆದರಿಕೆಯಾದದ್ದು ಅದಕ್ಕೇ.

"ಏನು ಮಾತು ಮರೀಟಾ ಇದು? ಟೈಟಸ್ ತೊಟ್ಟಿಲಲ್ಲಿದ್ದಾಗಿಂದ ಇದು ನಿನ್ನ ಆಸೆ ಅಲ್ವಾ?"

"ಆಸೆ ಈಗಲೂ ಇದೆ. ಕೈಕಾಲಿನಲ್ಲಿ ಶಕ್ತಿ ಇಲ್ಲ."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಎದ್ದು ಆ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ನಾನು ಬಾಯಿ ತೆರೆದೆ.

"ಶಕ್ತಿಯ ಪ್ರಶ್ನೆ ಅಲ್ಲ ಇದು. ವ್ಯವಸ್ಥೆಯ ಪ್ರಶ್ನೆ. ಈ ಮನೇಲಿ ದಿನಚರಿ ಅನ್ನೋದೇ ಇಲ್ಲ. ನಾನು ನೋಡ್ತಾ ಇದೀನಲ್ಲ, ಒಬ್ಬ ಓದ್ತಿರ್ತಾನೆ, ಒಬ್ಬಳು ಹಿಟ್ಟು ನಾದ್ತಿರ್ತಾಳೆ, ಇನ್ನೊಬ್ಬ ಮೇಜಿನ ಕೆಳಗಿರ್ತಾನೆ. ಒಂದೇ ಹಳಿ ಮೇಲೆ ಎಲ್ಲಾ ಗಾಡಿನೂ ಬಿಟ್ರೆ ಇನ್ನೇನಾಗತ್ತೆ? ಒಂದು ವಾರ ನನಗೆ ಬಿಡು. ಮಕ್ಕಳೂ ನಂದು, ಶಾಲೇನೂ ನಂದು. ನೀನು ಕುರ್ಚಿಲಿ ಕೂತ್ಕೊಂಡು ಹೆಣಿಗೆ ಹಾಕು."

ಮರೀಟಾಳ ಎಡಹುಬ್ಬು ನಿಧಾನವಾಗಿ ಮೇಲೇರಿತು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಆ ಹುಬ್ಬು ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕಂಡಿರಲಿಲ್ಲ.

"ಬಿಟ್ಟೆ," ಎಂದಳು. "ಒಂದು ಮಾತೂ ಆಡಲ್ಲ."

ಗೋಡೆಗೆ ಅಂಟಿಸಿ ಮಿಕ್ಕಿದ್ದ ಹೂವಿನ ಕಾಗದದ ಸುರುಳಿಯೊಂದು ನೆಲಮಾಳಿಗೆಯಲ್ಲಿತ್ತು. ಅದರ ಬೆನ್ನ ಮೇಲೆ ನಾಲ್ಕು ಬಣ್ಣದಲ್ಲಿ ವೇಳಾಪಟ್ಟಿ ಬರೆದೆ. ಟೈಟಸ್ ಎಕ್ಸ್‌ಪ್ರೆಸ್, ಡಾರ್ಕಸ್ ಮೇಲ್ ಗಾಡಿ, ಸೈಲಸ್ ಪ್ಯಾಸೆಂಜರು, ಟಿರ್ಜಾ ಎಲ್ಲಿ ಬೇಕೆಂದರಲ್ಲಿ ನುಗ್ಗುವ ಯಾರ್ಡಿನ ಇಂಜಿನ್ನು. ಪ್ರಾರ್ಥನೆ, ವಾಕ್ಯಪಾಠ, ಹಾಡು, ತಿಂಡಿ, ಗಣಿತ, ಕಾಗುಣಿತ, ಲ್ಯಾಟಿನ್, ಊಟ, ಚರಿತ್ರೆ, ವಿಜ್ಞಾನ, ಚಿತ್ರಕಲೆ, ಗುಣಶಿಕ್ಷಣ. ಒಬ್ಬರ ಗಣಿತ ಇನ್ನೊಬ್ಬರ ಹಾಡಿಗೆ ಎಲ್ಲೂ ತಗುಲುವುದಿಲ್ಲ. ಬರೆದು ಮುಗಿಸಿ, ಅಡುಗೆಮನೆಯ ಗೋಡೆಗೆ ಹೊಸಿಲಿಂದ ನೆಲಮಾಳಿಗೆಯ ಬಾಗಿಲವರೆಗೆ ಉದ್ದಕ್ಕೂ ಅಂಟಿಸಿ, ಊರುಗೋಲು ಊರಿಕೊಂಡು ಹಿಂದೆ ಸರಿದು ನೋಡಿದೆ. ಮಹಾ ಗ್ರಂಥ! ನನ್ನ ಬಗ್ಗೆ ನನಗೇ ಭಕ್ತಿ ಉಕ್ಕಿತು.

ಸೋಮವಾರ ಬೆಳಿಗ್ಗೆ ಸೀಟಿ ಊದಿದೆ. ಮಕ್ಕಳು ಸಾಲಾಗಿ ಬಂದು ಕೂತರು. ಮರೀಟಾ ಒಲೆಯ ಪಕ್ಕದ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದಳು. ಪ್ರಾರ್ಥನೆ ಸರಿಯಾದ ವೇಳೆಗೆ ಹೊರಟು ಸರಿಯಾದ ವೇಳೆಗೆ ತಲುಪಿತು. ವಾಕ್ಯಪಾಠಕ್ಕೆ ಜಲಪ್ರಳಯದ ಅಧ್ಯಾಯ, ಒಂದೇ ಕುಟುಂಬ ಎಲ್ಲ ಪ್ರಾಣಿಗಳನ್ನೂ ಜೋಡಿಜೋಡಿಯಾಗಿ ನಾವೆಗೆ ಹತ್ತಿಸಿಕೊಂಡು ಉಳಿಸಿದ ಕಥೆ. ಓದಿ ಮುಗಿಸಿ, ಸಂಪ್ರದಾಯದಂತೆ "ಯಾರಿಗಾದರೂ ಏನಾದರೂ ಕೇಳೋದಿದೆಯಾ?" ಎಂದೆ. ಕೇಳಬಾರದಿತ್ತು.

"ಅಪ್ಪಾ," ಎಂದ ಸೈಲಸ್, "ನಾವೆಯಲ್ಲಿ ಸಗಣಿ ಯಾರು ಎತ್ತಿದ್ದು?"

"ಅದು ಬರೆದಿಲ್ಲ. ಮುಂದಿನದು ಹಾಡು."

"ನಮ್ಮ ಬ್ಯೂಲಾ ಒಂದೇ ಆಡು. ಅದರದ್ದೇ ದಿನಾ ಒಂದು ಬಕೆಟ್ ಆಗತ್ತೆ. ನಾನೇ ಎತ್ತೋದು."

ಟೈಟಸ್ ಆಗಲೇ ಪೆನ್ಸಿಲ್ ತೆಗೆದಿದ್ದ. "ಆನೆ ಎರಡು ಅಂತ ಇಟ್ಕೋ. ಒಂದಕ್ಕೆ ದಿನಕ್ಕೆ ಹತ್ತು ಬಕೆಟ್ಟಾದ್ರೂ..."

"ಆನೇನ ಕೆಳಗಿನ ಅಂತಸ್ತಲ್ಲಿ ಇಟ್ಟಿರ್ತಾರೆ," ಎಂದಳು ಡಾರ್ಕಸ್. "ಇಲ್ಲಾಂದ್ರೆ ನಾವೆ ಮಗುಚತ್ತೆ. ಆದರೆ ಕಿಟಕಿ ಮೇಲಿತ್ತು. ಅಷ್ಟನ್ನೂ ಮೇಲಕ್ಕೆ ಹೊರಬೇಕು!"

ಮೂವರೂ ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದೊಡ್ಡ ನಾವೆ, ಅಷ್ಟು ಜೀವಗಳು, ಎಂಟೇ ಜನ ಮನುಷ್ಯರು, ಮೆಟ್ಟಿಲ ಮೇಲೆ ಬಕೆಟ್ಟು ಹೊತ್ತು ಹತ್ತುತ್ತಿರುವುದು ಅವರ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಸೈಲಸ್ ಮೆಲ್ಲಗೆ, "ಪಾಪ, ಅವರೂ ನನ್ನ ಥರಾನೇ," ಎಂದ.

ನಾನು ಸೀಟಿ ಊದಿದೆ. "ಹಾಡು!"

ಹಾಡು ಮುಗಿದು ತಿಂಡಿಯ ಹೊತ್ತಾಯಿತು. ಎಲ್ಲರೂ ಮೇಜಿನ ಸುತ್ತ ಕೂತೆವು. ಮರೀಟಾಳೂ ಬಂದು, ಮಡಿಲಲ್ಲಿ ಕೈ ಮಡಚಿ, ಅತಿಥಿಯಂತೆ ಕೂತಳು. ನಾವು ಕೂತೇ ಇದ್ದೆವು. ಮೇಜು ಖಾಲಿ ಇತ್ತು.

"ತಿಂಡಿ ಎಲ್ಲಿ?" ಎಂದೆ.

ಮರೀಟಾ ಗೋಡೆಯ ಕಡೆ ನೋಡಿದಳು. ನಾನೂ ನೋಡಿದೆ. ನನ್ನ ಮಹಾಗ್ರಂಥದಲ್ಲಿ ತಿನ್ನುವುದಿತ್ತು, ಬೇಯಿಸುವುದಿರಲಿಲ್ಲ. ಉಡುವುದಿತ್ತು, ಒಗೆಯುವುದಿರಲಿಲ್ಲ. ಹಾಲು ಕುಡಿಯುವುದಿತ್ತು, ಆಡನ್ನು ಕರೆಯುವುದಿರಲಿಲ್ಲ. ಟಿರ್ಜಾಳ ಸಾಲಿನಲ್ಲಿ 'ಸ್ವತಂತ್ರ ಆಟ' ಎಂದು ಬರೆದಿದ್ದೆ. ಅವಳ ಡೈಪರಿಗೆ ಯಾವ ನಿಲ್ದಾಣವನ್ನೂ ಕೊಟ್ಟಿರಲಿಲ್ಲ. (ಅವಳೇ ತನಗೆ ಬೇಕಾದಲ್ಲಿ ನಿಲ್ದಾಣ ಮಾಡಿಕೊಂಡಳು.)

ಆ ದಿನ ನಾವು ತಣ್ಣನೆಯ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ತಿಂದೆವು. ಮಧ್ಯಾಹ್ನವೂ. ಸಂಜೆಯೂ.

ಮಂಗಳವಾರ ಗಣಿತದ ಹೊತ್ತಿಗೆ ಡಾರ್ಕಸಳಿಗೆ ಭಿನ್ನರಾಶಿ ಹೇಳಿಕೊಡಲು ಕೂತೆ. ಭಿನ್ನರಾಶಿಯಿಂದ ಭಿನ್ನಾಭಿಪ್ರಾಯಕ್ಕೆ ಎಷ್ಟು ಹತ್ತಿರದ ದಾರಿಯೆಂದು ಅಂದೇ ನನಗೆ ಗೊತ್ತಾದದ್ದು.

"ನೋಡು ಪುಟ್ಟಿ, ಒಂದು ಸೇಬಿನ ಕಡುಬಿನಲ್ಲಿ ನಾಲ್ಕನೇ ಮೂರು ಭಾಗ ಉಳಿದಿದೆ. ಯಾರೋ ಅದರಲ್ಲಿ ಅರ್ಧ ತಿಂದರು. ಈಗ ಎಷ್ಟು ಉಳೀತು?"

"ಯಾರು ತಿಂದಿದ್ದು?"

"ಯಾರೋ. ಅದು ಮುಖ್ಯ ಅಲ್ಲ."

"ಕೇಳಿ ತಿಂದ್ರಾ?"

"ಡಾರ್ಕಸ್, ಲೆಕ್ಕ ಮಾಡು."

"ಮೊದಲಿನ ನಾಲ್ಕನೇ ಒಂದು ಭಾಗಾನೂ ಅವರೇ ತಿಂದಿರಬೇಕು," ಎಂದಳು, ತುಟಿ ನಡುಗುತ್ತಿತ್ತು. "ಬೇರೆಯವರಿಗೆ ಇಟ್ಟಿದ್ದನ್ನ." ಮತ್ತು ಅತ್ತುಬಿಟ್ಟಳು. ಅವಳ ಕಣ್ಣೀರು ಅಂಶದ ಮೇಲೂ ಛೇದದ ಮೇಲೂ ಸಮನಾಗಿ ಬಿತ್ತು.

ಅಷ್ಟರಲ್ಲಿ ಹೊರಗೆ ಸದ್ದಾಯಿತು. ಒಣಗಿದ ಮರದ ಚಕ್ರದ ಗಾಡಿಗಳು ಆಕಾಶದಲ್ಲಿ ಹೊರಟ ಹಾಗೆ ಗರಗರ ಗರಗರ ಎನ್ನುವ ಸದ್ದು. ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಪ್ಲ್ಯಾಟ್ ನದಿಗೆ ಬೂದು ಕ್ರೌಂಚಗಳು ಬರುತ್ತವೆ. ಉತ್ತರಕ್ಕೆ ಹಾರುವ ದಾರಿಯಲ್ಲಿ ಕೆಲವು ವಾರ ಇಲ್ಲಿ ತಂಗುತ್ತವೆ, ಲಕ್ಷಗಟ್ಟಲೆ. ರಾತ್ರಿ ನದಿಯ ಮರಳದಿಣ್ಣೆಯಲ್ಲಿ ನಿಂತು, ಹಗಲು ಕೊಯ್ದ ಜೋಳದ ಹೊಲಗಳಿಗೆ ಇಳಿಯುತ್ತವೆ. ಈ ವರ್ಷದ ಮೊದಲ ಹಿಂಡು ನಮ್ಮ ಹಿತ್ತಲ ಬೇಲಿಯಾಚೆಯ ಹೊಲಕ್ಕೇ ಇಳಿಯುತ್ತಿತ್ತು. ಮಕ್ಕಳು ಮೂವರೂ ಎದ್ದು ಕಿಟಕಿಗೆ ಮೂಗು ಒತ್ತಿದರು.

"ಕೂತ್ಕೊಳಿ! ಇದು ಗಣಿತದ ಹೊತ್ತು. ಹಕ್ಕಿಗಳಿಗೆ ಶುಕ್ರವಾರ ಮಧ್ಯಾಹ್ನ ವಿಜ್ಞಾನದ ತರಗತಿ ಇದೆ."

ಹಾಗೆಂದು ಕಿಟಕಿಯ ಪರದೆ ಎಳೆದೆ. ಇಡೀ ನೆಬ್ರಾಸ್ಕಾದಲ್ಲಿ ಆ ಗಳಿಗೆಯಲ್ಲಿ ಕ್ರೌಂಚಗಳಿಗೆ ಪರದೆ ಎಳೆದ ಏಕೈಕ ಕ್ರೈಸ್ತ ನಾನೇ ಇರಬೇಕು. ಹಿಂದಿನಿಂದ ಹೆಣಿಗೆಯ ಕಡ್ಡಿಗಳ ಸದ್ದು ನಿಂತುಹೋಯಿತು. ನಾನು ತಿರುಗಿ ನೋಡಲಿಲ್ಲ.

ಬುಧವಾರದ ವೃತ್ತಾಂತವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಓಟ್ಸ್ ಗಂಜಿ ತಳ ಹತ್ತಿತು. ವೇಳೆಗೆ ಸರಿಯಾಗಿ ಹಾಲು ಕರೆಯದಿದ್ದುದಕ್ಕೆ ಬ್ಯೂಲಾ ಕೊಟ್ಟಿಗೆಯ ಅಗುಳಿ ಮುರಿದು ಲ್ಯಾಟಿನ್ ತರಗತಿಗೆ ಹಾಜರಾಯಿತು. ಟಿರ್ಜಾ ಬೇಯಿಸಿ ಅರೆದ ಸೇಬಿನ ಬಟ್ಟಲಿಗೆ ಎರಡೂ ಕೈ ಅದ್ದಿ, ನನ್ನ ವೇಳಾಪಟ್ಟಿಯಲ್ಲಿ ಗುರುವಾರವನ್ನೂ ಶುಕ್ರವಾರವನ್ನೂ ಒಂದು ಮಾಡಿದಳು. ಸಂಜೆ ಟೈಟಸ್ ನನ್ನ ಹತ್ತಿರ ಬಂದು, ದೊಡ್ಡವರು ರೋಗಿಯನ್ನು ವಿಚಾರಿಸುವ ವಿನಯದಲ್ಲಿ, "ಅಪ್ಪಾ, ನಿನ್ನ ಕಾಲು ಯಾವಾಗ ವಾಸಿಯಾಗತ್ತೆ ಅಂದ್ರು ಡಾಕ್ಟರು?" ಎಂದ.

"ಯಾಕೋ?"

"ಏನಿಲ್ಲ. ಪ್ರಾರ್ಥನೆಯಲ್ಲಿ ಸೇರಿಸೋಣ ಅಂತ."

ಗುರುವಾರ ಬೆಳಿಗ್ಗೆ ನನಗೆ ಮೊಣಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗುವುದಿತ್ತು. ಪಕ್ಕದ ಹೊಲದ ಓರ್ವಿಲ್, ಎಪ್ಪತ್ತು ದಾಟಿದ ಒಂಟಿ ಮುದುಕ, ತನ್ನ ಪಿಕಪ್ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆಂದಿದ್ದ. ಮರೀಟಾಳಿಗೆ, "ಇವತ್ತೊಂದು ಬೆಳಿಗ್ಗೆ ನೀನೇ ನೋಡ್ಕೊ. ಪಟ್ಟಿ ಗೋಡೆ ಮೇಲಿದೆ. ಅದರ ಪ್ರಕಾರ ಹೋದ್ರೆ ಸಾಕು," ಎಂದು ಅಪ್ಪಣೆ ಕೊಟ್ಟು ಹೊರಟೆ. ದಾರಿಯುದ್ದಕ್ಕೂ ಓರ್ವಿಲನಿಗೆ ದಿನಚರಿಯ ಮಹತ್ವದ ಬಗ್ಗೆ ಉಪನ್ಯಾಸ ಕೊಟ್ಟೆ. ಅವನು ರಸ್ತೆ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ಜ್ವರ ಬಂದು ಮನೆಗೆ ಹೋಗಿದ್ದಳು. ಹೋದ ದಾರಿಯಲ್ಲೇ ವಾಪಸು ಬಂದೆವು. ಹಿಮ ಕರಗಿ ನಮ್ಮ ಮನೆಯ ಮುಂದಿನ ಹಾದಿ ಕೆಸರಾಗಿದ್ದರಿಂದ ಓರ್ವಿಲ್ ಗಾಡಿಯನ್ನು ರಸ್ತೆಯ ಬದಿಗೇ ನಿಲ್ಲಿಸಿದ. ನಾನು ಊರುಗೋಲಿನ ಮೇಲೆ, ಅವನು ನನ್ನ ತೋಳು ಹಿಡಿದು, ಹಿತ್ತಲ ಕಡೆಯಿಂದ ಬಂದೆವು. ಅಡುಗೆಮನೆಯ ಕಿಟಕಿಯ ಪಕ್ಕ ಬಂದಾಗ, ಒಳಗೆ ಎಷ್ಟು ಗದ್ದಲ ನಡೆದಿದೆಯೋ ನೋಡೋಣ ಎಂದು ಇಣುಕಿದೆ.

ಇಣುಕಿದವನು ಅಲ್ಲೇ ನಿಂತುಬಿಟ್ಟೆ.

ಮೇಜಿನ ಮೇಲೆ ಬ್ರೆಡ್ಡಿನ ಹಿಟ್ಟು. ಡಾರ್ಕಸ್ ಅದನ್ನು ನಾದುತ್ತ ಒಂದು ಕೀರ್ತನೆಯನ್ನು ಬಾಯಿಪಾಠ ಹೇಳುತ್ತಿದ್ದಾಳೆ. ಒಂದು ಸಾಲಿಗೆ ಒಂದು ಮಡಿಕೆ, ಒಂದು ಸಾಲಿಗೆ ಒಂದು ಗುದ್ದು. ಅವಳು ತಡವರಿಸಿದಲ್ಲಿ ಟೈಟಸ್ ಆಲೂಗಡ್ಡೆ ಸುಲಿಯುತ್ತ, ತಲೆಯೆತ್ತದೆ, ಮುಂದಿನ ಪದ ಕೊಡುತ್ತಾನೆ. ಕೊಟ್ಟು ತನ್ನ ಲ್ಯಾಟಿನ್ ಕ್ರಿಯಾಪದಗಳಿಗೆ ಮರಳುತ್ತಾನೆ. ಮೇಜಿನ ಕೆಳಗೆ ಸೈಲಸ್. ಅವನ ತೊಡೆಯ ಮೇಲೆ ಟಿರ್ಜಾ. ಅವನು ಹಿಟ್ಟಿನ ಚೀಲದ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಅವಳಿಗೆ ಓದಿ ಹೇಳುತ್ತಿದ್ದಾನೆ. ನಾನು ಮೂರು ದಿನ ತಲೆಕೆಳಗಾಗಿ ನಿಂತರೂ ಎರಡು ಪದ ಓದದ ಹುಡುಗ! ಅವನು ಓದುತ್ತಿರುವವರೆಗೆ ಟಿರ್ಜಾ ಅಲುಗುವುದಿಲ್ಲ. ಅವಳು ಅಲುಗದಿರಲಿ ಎಂದು ಅವನು ಓದು ನಿಲ್ಲಿಸುವುದಿಲ್ಲ. ಮರೀಟಾ ಡಾರ್ಕಸಳ ಹಿಂದೆ ನಿಂತು ಅವಳ ಜಡೆ ಹೆಣೆಯುತ್ತ, ಲ್ಯಾಟಿನ್ನಿನಲ್ಲಿ ತಪ್ಪು ಬಂದ ಕಡೆ "ಹ್ಞೂಂ?" ಎನ್ನುತ್ತಾಳೆ, ಅಷ್ಟೆ. ಟೈಟಸ್ ತಿದ್ದಿಕೊಳ್ಳುತ್ತಾನೆ.

ಹಿಟ್ಟು ನಾದಿ ಆಯಿತು. ಡಾರ್ಕಸ್ ಅದನ್ನು ಬಟ್ಟಲಿಗೆ ಹಾಕಿ ಬಟ್ಟೆ ಮುಚ್ಚಿದಳು. ಯಾರೂ ಏನೂ ಹೇಳಲಿಲ್ಲ. ಸೀಟಿ ಇಲ್ಲ, ಬಾವುಟ ಇಲ್ಲ. ಟೈಟಸ್ ಹಾಲಿನ ಬಕೆಟ್ಟು ತೆಗೆದುಕೊಂಡ. ಸೈಲಸ್ ಮೊಟ್ಟೆಯ ಬುಟ್ಟಿ ಹಿಡಿದ. ಟಿರ್ಜಾ ತಾನಾಗಿ ಕೈಯೆತ್ತಿ ಅಮ್ಮನ ಸೊಂಟಕ್ಕೆ ಏರಿದಳು. ಹಿಟ್ಟು ಉಬ್ಬುವ ಹೊತ್ತಿಗೆ ಹೊರಗಿನ ಕೆಲಸ. ಹಿಟ್ಟು ಉಬ್ಬಿದಾಗ ಎಲ್ಲ ಒಳಗೆ. ಟಿರ್ಜಾ ಮಲಗಿದಾಗ ಕಷ್ಟದ ಲೆಕ್ಕ, ಎದ್ದಾಗ ಹಾಡು. ದಿನಚರಿ ಇಲ್ಲವೆಂದು ನಾನು ಘೋಷಿಸಿದ್ದ ಮನೆಯಲ್ಲಿ ಎಲ್ಲರಿಗೂ ಒಳಗಿಂದೊಳಗೇ ಗೊತ್ತಿದ್ದ ದಿನಚರಿಯೊಂದು ನೀರು ಹರಿದ ಹಾಗೆ ಹರಿಯುತ್ತಿತ್ತು. ಎಷ್ಟೋ ವರ್ಷ ಗಾಡಿಗಳಿಗೆ ಅಪ್ಪಣೆ ಕೊಟ್ಟ ನಾನು ಇಂಥ ಯಾರ್ಡನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಟೋಪಿ ತೆಗೆಯಬೇಕೆನಿಸಿತು. ತೆಗೆದೆ ಕೂಡ.

"ಏನಯ್ಯಾ," ಎಂದ ಓರ್ವಿಲ್ ಪಿಸುದನಿಯಲ್ಲಿ, "ನಿನ್ನ ಮನೆಗೆ ನೀನೇ ಕಳ್ಳನಂಗೆ ಇಣುಕ್ತಾ ಇದೀಯಲ್ಲ."

"ನೋಡು ಓರ್ವಿಲ್! ಸ್ವಲ್ಪ ನೋಡು!"

ಅವನೂ ಇಣುಕಿದ. ತುಂಬ ಹೊತ್ತು ನೋಡಿದ. "ನೀನು ದಾರಿಯುದ್ದಕ್ಕೂ ಕೊಚ್ಕೊಂಡ್ಯಲ್ಲ, ಆ ಪಟ್ಟಿ ಇದೇನಾ?"

"ಅಲ್ಲ."

"ಅದೇ ಅನ್ಕೊಂಡೆ," ಎಂದ.

ಆಗ ಮತ್ತೆ ಆ ಗರಗರ ಸದ್ದು. ಈ ಸಲ ಮನೆಯ ಮೇಲೆಯೇ. ತಲೆಯೆತ್ತಿದರೆ ಆಕಾಶವೇ ಕಾಣದಷ್ಟು ರೆಕ್ಕೆ. ಉದ್ದ ಕತ್ತು ಮುಂದೆ, ಉದ್ದ ಕಾಲು ಹಿಂದೆ, ಸಾಲಿನ ಮೇಲೆ ಸಾಲು, ಎಲ್ಲವೂ ಒಂದೇ ಸಮ ಕೂಗುತ್ತ ಹೊಲಕ್ಕೆ ಇಳಿಯುತ್ತಿದ್ದವು. ಒಳಗೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಓಡಿದವಳು ಮರೀಟಾ! ಸೊಂಟದಲ್ಲಿ ಮಗು, ಏಪ್ರನ್ನಿನ ತುಂಬ ಹಿಟ್ಟು. "ಬನ್ನಿ ಬನ್ನಿ ಬನ್ನಿ!" ಎಂದು ಕೂಗುತ್ತ ಬೇಲಿಯ ತನಕ ಓಡಿದಳು. ಮಕ್ಕಳು ಹಿಂದೆ. ನಾವಿಬ್ಬರು ಗೋಡೆಯ ಮೂಲೆಯಲ್ಲಿ ನಿಂತೆವು. ನಮ್ಮನ್ನು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಇಳಿದ ಹಕ್ಕಿಗಳು ಕೆಂಪು ನೆತ್ತಿ ಬಾಗಿಸಿ, ರೆಕ್ಕೆ ಅಗಲಿಸಿ, ಒಂದಕ್ಕೊಂದು ನಮಸ್ಕಾರ ಹಾಕಿ, ನೆಗೆದು ನೆಗೆದು ಕುಣಿಯತೊಡಗಿದವು. ಹೊಲಕ್ಕೆ ಹೊಲವೇ ಕುಣಿಯಿತು. ಮರೀಟಾ ಏನೂ ವಿವರಿಸಲಿಲ್ಲ, ಪಾಠ ಮಾಡಲಿಲ್ಲ. ಬೇಲಿಗೆ ಒರಗಿ ನೋಡಿದಳು. ಮಕ್ಕಳೂ ನೋಡಿದರು. ಸೈಲಸನಿಗೆ ಬಾಯಿ ಮುಚ್ಚುವುದು ಮರೆತುಹೋಗಿತ್ತು.

"ಎಷ್ಟಿರಬಹುದು?" ಎಂದ ಟೈಟಸ್ ಕೊನೆಗೆ.

"ಎಣಿಸಬಹುದು," ಎಂದಳು ಡಾರ್ಕಸ್. ಅದೇ ಡಾರ್ಕಸ್. "ಆ ಗಾಳಿಯಂತ್ರದಿಂದ ಈ ನೀರಿನ ತೊಟ್ಟಿವರೆಗೆ ಹೊಲದ ನಾಲ್ಕನೇ ಒಂದು ಭಾಗ. ಅದರಲ್ಲಿ ಅರ್ಧ ತಗೊಂಡ್ರೆ ಎಂಟನೇ ಒಂದು. ಅಷ್ಟರಲ್ಲಿ ಎಷ್ಟಿದೆ ಎಣಿಸಿ ಎಂಟರಿಂದ ಗುಣಿಸು."

"ಅವು ಕುಣೀತಾ ಇವೆ," ಎಂದ ಸೈಲಸ್. "ನಾನು ಒಂದನ್ನೇ ಎರಡು ಸಲ ಎಣಿಸಿದೆ."

"ಎಲ್ಲಾನೂ ಎರಡೆರಡು ಸಲ ಎಣಿಸಿದ್ಯಾ?"

"ಹೂಂ."

"ಹಾಗಾದ್ರೆ ಹದಿನಾರನೇ ಒಂದು ಅಂತ ತಿಳ್ಕೊಂಡು..." ಅವಳು ತುಟಿ ಕಚ್ಚಿ ಯೋಚಿಸಿದಳು. "ಅಲ್ಲ, ಬರೀ ಅರ್ಧ ಮಾಡಿಬಿಡು."

ಒಂದು ಹನಿ ಕಣ್ಣೀರಿಲ್ಲ! ಓರ್ವಿಲ್ ಮೂಗು ಒರೆಸಿಕೊಂಡು, "ಗಾಳಿ," ಎಂದ.

ಆಮೇಲೆ ಮಕ್ಕಳು ಮೊಟ್ಟೆ, ಹಾಲು ಎಂದು ಚದುರಿದರು. ಟೈಟಸ್ ಟಿರ್ಜಾಳನ್ನೂ ಎತ್ತಿಕೊಂಡು ಹೋದ. ಮರೀಟಾ ಒಬ್ಬಳೇ ಉಳಿದಳು. ಬಟ್ಟೆ ಒಣಹಾಕುವ ಕಂಬದ ಹತ್ತಿರ ಬಂದಳು, ಅದಕ್ಕೆ ಹೆಗಲು ಆನಿಸಿದಳು, ಕಣ್ಣು ಮುಚ್ಚಿದಳು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡೆ. ತುಸು ಹೊತ್ತಿಗೆ ತಲೆ ಒಂದು ಕಡೆ ವಾಲಿತು. ಅವಳು ನಿದ್ದೆ ಮಾಡುತ್ತಿದ್ದಳು, ಕುದುರೆಯ ಹಾಗೆ, ನಿಂತೇ. ಆಮೇಲೆ ಕೊಟ್ಟಿಗೆಯ ಕಡೆ ಟಿರ್ಜಾ ಕಿರುಚಿದ್ದು ಕೇಳಿ ಬೆಚ್ಚಿಬಿದ್ದು, ಏಪ್ರನ್ ಸರಿಮಾಡಿಕೊಂಡು, ಓಡಿದಳು.

ಆಗ ನನಗೆ ಕಂಡಿತು. ಆ ಯಾರ್ಡಿನಲ್ಲಿ ಎಲ್ಲ ಗಾಡಿಗಳಿಗೂ ನಿಲ್ದಾಣವಿತ್ತು. ಅವಳೊಬ್ಬಳಿಗೆ ಇರಲಿಲ್ಲ.

ಒಳಗೆ ಹೋದವನೇ ಗೋಡೆಯ ಮೇಲಿನ ಕಾಗದವನ್ನು ಪರಪರ ಕಿತ್ತೆ. ಮಕ್ಕಳು ಹೆದರಿ ನೋಡಿದರು. ಸೈಲಸ್ ಮಾತ್ರ, "ಅದರ ಮೇಲೆ ಚಿತ್ರ ಬರೀಬಹುದಾ?" ಎಂದು ಕೇಳಿ ಅದನ್ನು ಎಳೆದುಕೊಂಡು ಹೋದ.

"ಮರೀಟಾ," ಎಂದೆ, "ಇಷ್ಟು ಚೆನ್ನಾಗಿ ನಡೀತಿದೆ ಅಂತ ನನಗೆ ಯಾಕೆ ಹೇಳಲಿಲ್ಲ?"

"ನೀನು ಯಾವತ್ತು ಕೇಳಿದೆ? ಬೆಳಕಾಗೋ ಮುಂಚೆ ಹೋಗ್ತೀಯ, ಊಟ ಮೇಜಿನ ಮೇಲೆ ಬರೋ ಹೊತ್ತಿಗೆ ಬರ್ತೀಯ. ಊಟ ತಾನಾಗೇ ನಡ್ಕೊಂಡು ಬರತ್ತೆ ಅನ್ಕೊಂಡಿದ್ದೀಯ ಅನ್ನಿಸತ್ತೆ." ಅವಳು ಕುರ್ಚಿ ಎಳೆದು ಕೂತಳು. "ನಡಿಯತ್ತೆ ಗಲೆನ್. ನಾನು ನಿಂತಿರೋ ತನಕ ನಡಿಯತ್ತೆ. ಕೂತ್ರೆ ನಿಲ್ಲತ್ತೆ. ಅದಕ್ಕೇ ಶಾಲೆ ಅಂದಿದ್ದು."

"ಶಾಲೆ ಬೇಡ," ಎಂದೆ. ಊರುಗೋಲಿನ ಮೇಲೆ ಸಾಧ್ಯವಾದಷ್ಟು ನೆಟ್ಟಗೆ ನಿಂತು ಘೋಷಿಸಿದೆ: "ನಿನಗೆ ಏನು ಬೇಕು ಕೇಳು. ಏನು ಬೇಕಾದ್ರೂ ಮಾಡ್ತೀನಿ."

ಹೀಗೆ ಘೋಷಿಸುವ ಗಂಡಸರು, ಹೆಂಡತಿ ಅಷ್ಟು ಬೇಗ ಉತ್ತರ ಕೊಡುವುದಿಲ್ಲ ಎಂದು ನಂಬಿರುತ್ತಾರೆ.

"ಬೆಳಿಗ್ಗೆ," ಎಂದಳು ತಕ್ಷಣ. "ಎದ್ದಾಗಿಂದ ಮಧ್ಯಾಹ್ನದ ಊಟದ ತನಕ. ಒಲೆ, ಆಡು, ಟಿರ್ಜಾ ನಿಂದು. ಪಾಠ ನಂದು. ಅದರಲ್ಲಿ ಒಂದು ಗಂಟೆ ಯಾರೂ ನನ್ನ ಬಾಗಿಲು ತಟ್ಟಬಾರದು. ನಾನು ಮಲಗ್ತೀನೋ, ಪ್ರಾರ್ಥನೆ ಮಾಡ್ತೀನೋ, ಸೂರು ನೋಡ್ತಾ ಇರ್ತೀನೋ, ಅದು ನನಗೂ ದೇವರಿಗೂ ಬಿಟ್ಟಿದ್ದು."

"ಆದರೆ ಕಾಲು ವಾಸಿಯಾದ ಮೇಲೆ ನಾನು ಬೆಳಿಗ್ಗೆ ಕೆಲಸಕ್ಕೆ..."

"ಸಂಜೆ ಪಾಳಿ ಇದೆಯಲ್ಲ."

ಈಗ ನಿಮಗೆ ನಮ್ಮ ರೈಲ್ವೆಯ ಒಂದು ಸಂಗತಿ ಹೇಳಬೇಕು. ಅಲ್ಲಿ ಹಗಲು ಪಾಳಿ ಸಿಗುವುದು ಹಿರಿತನದ ಮೇಲೆ. ನಾನು ವರ್ಷಗಟ್ಟಲೆ ಗೂಬೆಯಂತೆ ಬದುಕಿ, ಮೇಲಿನವರು ನಿವೃತ್ತರಾಗಲಿ ಎಂದು ಕಾದು, ಕೊನೆಗೂ ಗಳಿಸಿದ ಸಿಂಹಾಸನ ಅದು. ಅದನ್ನು ಯಾರೂ ವಾಪಸು ಕೊಡುವುದಿಲ್ಲ. ನಾನು ವಾಪಸು ಕೊಡುತ್ತೇನೆಂದು ಫೋನು ಮಾಡಿದಾಗ ಮೇಲ್ವಿಚಾರಕರು, "ಏನಪ್ಪಾ ಗಲೆನ್, ಬಿದ್ದಾಗ ತಲೆಗೂ ಪೆಟ್ಟಾಯ್ತಾ?" ಎಂದು ಕಾಳಜಿಯಿಂದ ವಿಚಾರಿಸಿದರು. ನನ್ನ ಹಗಲು ಪಾಳಿ ಸಿಕ್ಕಿದ ತರುಣ ಖುದ್ದಾಗಿ ಮನೆಗೆ ಬಂದು, ಒಂದು ದೊಡ್ಡ ಹಂದಿ ತೊಡೆಯ ಮಾಂಸ ಕೊಟ್ಟು, ನನ್ನನ್ನು ತಬ್ಬಿಕೊಂಡು ಹೋದ.

ವಸಂತ ಬಂತು. ಕ್ರೌಂಚಗಳು ಉತ್ತರಕ್ಕೆ ಹೋದವು, ನಾನು ಸಂಜೆ ಪಾಳಿಗೆ ಹೋದೆ. ಈಗ ಬೆಳಿಗ್ಗೆ ಓಟ್ಸ್ ಗಂಜಿ ನಾನೇ ಕಲಕುತ್ತೇನೆ. ಬ್ಯೂಲಾ ನನ್ನನ್ನು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಒದೆಯುವುದನ್ನು ಕಡಿಮೆ ಮಾಡಿದೆ. ಮರೀಟಾ ದಿನವೂ ಒಂದು ಗಂಟೆ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊರಬರುವಾಗ ಅವಳ ಮುಖ ಎಷ್ಟು ಹೊಸದಾಗಿರುತ್ತದೆಂದರೆ, ಗಂಜಿಯ ಸೌಟು ಹಿಡಿದು ನಾನು ನೋಡುತ್ತಲೇ ನಿಲ್ಲುತ್ತೇನೆ. ಊರಿನ ಶಾಲೆಯ ಮಾತು ಆಮೇಲೆ ಬಂದಿಲ್ಲ.

ಮೊನ್ನೆ ಅವಳು ಒಳಗಿದ್ದಾಗ ಟಿರ್ಜಾಳನ್ನು ಮಲಗಿಸುವುದು ನನ್ನ ಪಾಲಿಗಿತ್ತು. ನಾನು ಅವಳನ್ನು ಎದೆಯ ಮೇಲೆ ಹಾಕಿಕೊಂಡು, ಒಲೆಯ ಪಕ್ಕದ ಕುರ್ಚಿಯಲ್ಲಿ ಒರಗಿ, ಮಕ್ಕಳಿಗೆ ಲೆಕ್ಕ ಹೇಗೆ ಮಾಡಬೇಕೆಂದು ಅಲ್ಲಿಂದಲೇ ಸೂಚನೆ ಕೊಡುತ್ತಿದ್ದೆ. ಸೂಚನೆ ಬಹುಪಾಲು ಅತ್ಯುತ್ತಮವಾಗಿತ್ತು. ಡಾರ್ಕಸ್ ಎದ್ದು ಬಂದು ನಮ್ಮಿಬ್ಬರ ಮೇಲೂ ಒಂದು ಕಂಬಳಿ ಹೊದಿಸಿದಳು. ಮೊದಲು ಟಿರ್ಜಾಳ ಬೆನ್ನು ತಟ್ಟಿದಳು, ಆಮೇಲೆ ನನ್ನ ಭುಜ ತಟ್ಟಿದಳು. ಸಣ್ಣ ದನಿಯಲ್ಲಿ ಒಂದು ಹಾಡನ್ನೂ ಗುನುಗಿದಳು. ನನಗೆ ಅದು ಹಿತವಾಗಿ ಕಣ್ಣು ಮುಚ್ಚಿದೆ, ನಿದ್ದೆಗಲ್ಲ, ಸುಮ್ಮನೆ.

ಆಗ ಬಾಗಿಲು ತೆರೆದು ಮರೀಟಾ ಬಂದ ಸದ್ದಾಯಿತು. "ಆಗಲೇ ಮಲಗಿಬಿಟ್ಳಾ?" ಎಂದಳು ಆಶ್ಚರ್ಯದಿಂದ.

"ಷ್, ಮೆಲ್ಲಗೆ ಅಮ್ಮಾ!" ಎಂದಳು ಡಾರ್ಕಸ್. "ಇಬ್ಬರೂ ಈಗ ತಾನೆ ಮಲಗಿದ್ರು. ಟಿರ್ಜಾ ಬೇಗ ಮಲಗ್ತಾಳೆ, ಅಪ್ಪನೇ ಸ್ವಲ್ಪ ಹಠ ಮಾಡ್ತಾನೆ. ಸೈಲಸ್, ಬೇಗ ಭಿನ್ನರಾಶಿ ಪುಸ್ತಕ ತೆಗಿ, ಅಪ್ಪ ಏಳೋದರೊಳಗೆ ಮುಗಿಸಿಬಿಡೋಣ."

ನಾನು ಕಣ್ಣು ಬಿಡಲಿಲ್ಲ. ಆರು ವರ್ಷದವನಿಗೆ ಒಂಬತ್ತು ವರ್ಷದವಳು ನಾಲ್ಕನೇ ಮೂರು ಭಾಗವನ್ನು ಎಷ್ಟು ಚೆಂದ ಬಿಡಿಸಿ ಹೇಳಿದಳೆಂದರೆ, ನನಗೂ ಅಂದೇ ಮೊದಲ ಸಲ ಅದು ಸರಿಯಾಗಿ ಅರ್ಥವಾಯಿತು.